ಅತ್ತೆಯ ಮಾತ್ರೆ ಡಬ್ಬಿ, ನನ್ನ ಹೊಟ್ಟೆಕಿಚ್ಚು

ಇವತ್ತು ಬೆಳಿಗ್ಗೆ ಕಣ್ಣು ತೋರಿಸಲು ಹೋಗಿದ್ದೆ. ಅಹಮದಾಬಾದಿನ ನಮ್ಮ ಮನೆಯಿಂದ ಬಸ್ಸಿನಲ್ಲಿ ಎರಡು ಸ್ಟಾಪು ಆಚೆ ಒಂದು ಸಣ್ಣ ಕಣ್ಣಿನ ದವಾಖಾನೆಯಿದೆ. ಅಲ್ಲಿಯ ನರ್ಸ್ ಹುಡುಗಿ ನನ್ನ ಗದ್ದ ಎತ್ತಿ, ಎರಡು ಕಣ್ಣಿಗೂ ಹನಿ ಬಿಟ್ಟು, "ಆಂಖ್ ಬಂಧ್ ರಾಖ್‌ಜೋ ಮಾಸಿ, ಅಡಧೋ ಕಲಾಕ್" ಎಂದು ಹೇಳಿ ಹೋದಳು. ಅರ್ಧ ಗಂಟೆ ಕಣ್ಣು ಮುಚ್ಚಿಕೊಂಡಿರಬೇಕು. ಹೋದ ಸಲ ಬಂದಾಗ ಇದೇ ಹುಡುಗಿ ನನ್ನನ್ನು 'ಬೆನ್' ಎಂದಿದ್ದಳು. ಎರಡೇ ವರ್ಷದಲ್ಲಿ ಅಕ್ಕನ ಹುದ್ದೆಯಿಂದ ಚಿಕ್ಕಮ್ಮನ ಹುದ್ದೆಗೆ ಬಡ್ತಿ ಸಿಕ್ಕಿದೆ.

ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಇಳಿಯಿತು. ಕಣ್ಣಿಗೆ ಹಾಕಿದ್ದು ಗಂಟಲಿಗೇಕೆ ಬಂತು ಎಂದು ನಿಮಗೂ ಅನ್ನಿಸಿರಬಹುದು. ಕಣ್ಣಿನ ಮೂಲೆಯಿಂದ ಮೂಗಿಗೆ ಒಂದು ಸಣ್ಣ ದಾರಿಯಿದೆ. ಅತ್ತಾಗ ಮೂಗು ಸೋರುವುದು ಅದೇ ದಾರಿಯಿಂದ. ಈ ಹನಿಯ ಕೆಲಸವೂ ನನಗೆ ಗೊತ್ತು. ನಮ್ಮ ಮೈಯಲ್ಲಿ ಅಸಿಟೈಲ್‌ಕೋಲಿನ್ ಎಂಬ ಒಂದು ವಸ್ತುವಿದೆ. ನರಗಳು ಸ್ನಾಯುಗಳಿಗೂ ಗ್ರಂಥಿಗಳಿಗೂ ಏನು ಹೇಳಬೇಕಾದರೂ ಬಹಳ ಕಡೆ ಇದರ ಕೈಯಲ್ಲೇ ಹೇಳಿ ಕಳಿಸುತ್ತವೆ. ಕಣ್ಣಿನ ಪಾಪೆ ಕಿರಿದಾಗಬೇಕೆಂದರೆ ಇದು ಹೋಗಿ ಹೇಳಬೇಕು. ಹನಿ ಅದರ ಬಾಯಿ ಕಟ್ಟುತ್ತದೆ. ಪಾಪೆ ಅಗಲವಾಗಿ ತೆರೆದುಕೊಂಡೇ ಇರುತ್ತದೆ. ಇಪ್ಪತ್ತು ವರ್ಷದಿಂದ ನಾನು ಮಕ್ಕಳಿಗೆ ಪಾಠ ಹೇಳುತ್ತಿರುವುದು ಇದನ್ನೇ. ಅಸಿಟೈಲ್‌ಕೋಲಿನ್‌ನ ಕೆಲಸ ಹೆಚ್ಚಿಸುವ ಔಷಧಗಳು ಯಾವುವು, ತಡೆಯುವ ಔಷಧಗಳು ಯಾವುವು, ಯಾವುದನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು.

ಕಣ್ಣು ಮುಚ್ಚಿ ಕೂತವಳಿಗೆ ಫೋನು ನೋಡುವ ಹಾಗಿಲ್ಲ, ಪಕ್ಕದವರ ಸೀರೆ ನೋಡುವ ಹಾಗಿಲ್ಲ. ಉಳಿದದ್ದು ನೆನಪು ಒಂದೇ. ಈ ಔಷಧಗಳ ನೆನಪಾದರೆ ನನಗೆ ಶೈಲಜಾ ನೆನಪಾಗದೆ ಇರುವುದಿಲ್ಲ. ಶೈಲಜಾ ನೆನಪಾದರೆ ಹೊಟ್ಟೆಯಲ್ಲಿ ಒಂದು ಉರಿ. ಅದನ್ನು ಯಾರಿಗೂ ಪೂರ್ತಿ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಶೈಲಜಾ ಮತ್ತು ನಾನು ಹುಬ್ಬಳ್ಳಿಯಲ್ಲಿ ಒಟ್ಟಿಗೆ ವೈದ್ಯಕೀಯ ಓದಿದವರು. ಅವಳು ವಿಜಯಪುರದವಳು, ನಾನು ತುಮಕೂರಿನವಳು. ಹಾಸ್ಟೆಲಿನಲ್ಲಿ ಒಂದೇ ಕೋಣೆ. ನಾನು ತರಗತಿಗೆ ಮೊದಲನೆಯವಳು. ಹೀಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವವರಿಲ್ಲದ್ದರಿಂದ ಹೇಳುತ್ತಿದ್ದೇನೆ. ಶೈಲಜಾಳಿಗೆ ಔಷಧಶಾಸ್ತ್ರ ಎಂದರೆ ಜ್ವರ ಬರುತ್ತಿತ್ತು. ಪರೀಕ್ಷೆಯ ಹಿಂದಿನ ದಿನ ಪುಸ್ತಕವನ್ನು ಮಂಚದ ಮೇಲೆ ಎಸೆದು, "ಇದರಾಗ ಒಂದು ಹೆಸರೂ ತಲ್ಯಾಗ ಕುಂದ್ರವಲ್ದು. ನಾ ನಪಾಸ್ ಆಗಾಕಿನ" ಎಂದು ಕೂತುಬಿಟ್ಟಳು.

ನಾನು ಹೇಳಿಕೊಟ್ಟೆ. "ಚೆನ್ನಾಗಿ ಊಟ ಮಾಡಿ ಮಲಗಿರೋ ಮನುಷ್ಯನ್ನ ನೆನೆಸಿಕೋ. ಬಾಯಲ್ಲಿ ಜೊಲ್ಲು, ಹೊಟ್ಟೆ ಕೆಲಸ ಮಾಡ್ತಿದೆ, ಎದೆ ನಿಧಾನ ಬಡೀತಿದೆ, ಪಾಪೆ ಸಣ್ಣದಾಗಿದೆ. ಇದೆಲ್ಲ ಅಸಿಟೈಲ್‌ಕೋಲಿನ್ ಮಾಡಿಸೋದು. ಈಗ ಅದನ್ನ ತಡಿ. ಬಾಯಿ ಒಣಗತ್ತೆ, ಎದೆ ಓಡತ್ತೆ, ಪಾಪೆ ಅಗಲ ಆಗತ್ತೆ, ಮೂತ್ರ ಮಲ ಎರಡೂ ನಿಂತುಹೋಗತ್ತೆ, ತಡೆದದ್ದು ಜಾಸ್ತಿ ಆದ್ರೆ ತಲೆ ಕೆಡತ್ತೆ. ಅಷ್ಟೆ."

"ಮೈಯಾಗ ಅದು ಯಾವಾಗಲೂ ಇರತೈತೇನ?"

"ಇಲ್ಲ. ಬಂದು ಕೆಲಸ ಹೇಳ್ತಿದ್ದ ಹಾಗೇ ಹಿಂದಿನಿಂದ ಒಂದು ಕಿಣ್ವ ಬಂದು ಅದನ್ನ ಗುಡಿಸಿ ಹಾಕತ್ತೆ. ಆ ಗುಡಿಸೋನನ್ನ ಹಿಡಿದು ಕೂರಿಸಿದ್ರೆ ಅಸಿಟೈಲ್‌ಕೋಲಿನ್ ಹೆಚ್ಚಾಗತ್ತೆ. ಸ್ನಾಯು ಸೋಲೋ ಕಾಯಿಲೆಗೆ, ಮರೆವಿಗೆ ಕೊಡೋ ಮಾತ್ರೆ ಇದೇ ಕೆಲಸ ಮಾಡೋದು. ಬೆಳೆಗೆ ಹೊಡೆಯೋ ಎಣ್ಣೆ ಮೈಗೆ ಹೋದರೂ ಇದೇ ಆಗೋದು, ಆದರೆ ಮಿತಿ ಇಲ್ಲದೆ."

ಅವಳು ಎಸೆದ ಪುಸ್ತಕ ಎತ್ತಿಕೊಂಡು, "ಇಷ್ಟೇನಾ? ಮತ್ತ ಆ ಪುಸ್ತಕದಾಗ ನಲವತ್ತು ಪಾನ ಯಾಕ ಬರದಾರ?" ಎಂದಳು. ಮರುದಿನ ಅದೇ ಪ್ರಶ್ನೆ ಬಂತು. ಅವಳು ಪಾಸಾದಳು.

ಆಮೇಲೆ ನಾನು ಔಷಧಶಾಸ್ತ್ರದಲ್ಲೇ ಎಂ.ಡಿ. ಮಾಡಿದೆ. ಅವಳು ರೋಗಿಗಳನ್ನು ನೋಡುವ ಫಿಸಿಶಿಯನ್ ಆದಳು. ನನಗೆ ಅಹಮದಾಬಾದಿನ ಬಾಹ್ಯಾಕಾಶ ಸಂಶೋಧನೆಯಲ್ಲಿದ್ದ ಗದಗಿನ ಹುಡುಗನೊಂದಿಗೆ ಮದುವೆಯಾಯಿತು. ವಡೋದರಾದ ಒಂದು ಮೆಡಿಕಲ್ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುವುದು. ಇಲ್ಲಿನವರು ಇದಕ್ಕೆ 'ಅಪ್-ಡೌನ್' ಅನ್ನುತ್ತಾರೆ. ಶೈಲಜಾಳ ಗಂಡನಿಗೆ ಸೂರತ್ತಿನ ಹಜೀರಾದ ಕಾರ್ಖಾನೆಯಲ್ಲಿ ಕೆಲಸ. ಅವಳು ಅಲ್ಲಿಯ ಕಂಪನಿ ಕಾಲೊನಿಯಲ್ಲಿದ್ದುಕೊಂಡು ಊರೊಳಗಿನ ಆಸ್ಪತ್ರೆಯೊಂದರಲ್ಲಿ ಐದು ವರ್ಷ ಕೆಲಸ ಮಾಡಿ, ಗಂಡನಿಗೆ ಅಹಮದಾಬಾದಿನ ಆಫೀಸಿಗೆ ವರ್ಗವಾದಾಗ ನಮ್ಮ ಮನೆಯಿಂದ ಹದಿನೈದು ನಿಮಿಷದ ದೂರಕ್ಕೆ ಬಂದಳು. ನಾನು ಬಹಳ ಸಂತೋಷಪಟ್ಟೆ. ಒಂದು ತಿಂಗಳ ಕಾಲ.

ಸೂರತ್ತಿನ ಆಸ್ಪತ್ರೆಯಲ್ಲಿ ಅವಳು ಒಬ್ಬ ಕೂಲಿಯಾಳನ್ನು ಉಳಿಸಿದ್ದಳು. ಕಬ್ಬಿನ ಗದ್ದೆಗೆ ಬಾಯಿ ಮುಚ್ಚಿಕೊಳ್ಳದೆ ಎಣ್ಣೆ ಹೊಡೆದು, ಸಂಜೆಗೆ ಬಾಯಲ್ಲಿ ನೊರೆ, ಸೂಜಿಮೊನೆಯಂಥ ಪಾಪೆ, ಎದೆಯಲ್ಲಿ ಗೊರಗೊರ ನೀರು. ಶೈಲಜಾ ಪಕ್ಕದಲ್ಲೇ ಕೂತು ಐದೈದು ನಿಮಿಷಕ್ಕೊಮ್ಮೆ, ಅಸಿಟೈಲ್‌ಕೋಲಿನ್ ತಡೆಯುವ ಅಟ್ರೋಪಿನ್ ಏರಿಸುತ್ತ ಹೋದಳಂತೆ. ಎಷ್ಟು ಸೂಜಿ ಆಯಿತೆಂದು ನರ್ಸುಗಳೇ ಗಾಬರಿಯಾದರಂತೆ. "ಪಾಪೆ ನೋಡಿ ನಿಲ್ಲಿಸಬ್ಯಾಡ್ರಿ, ಎದಿ ಕೇಳ್ರಿ, ಎದಿ ಒಣಗೋತನಕಾ ಕೊಡ್ರಿ" ಎಂದು ಅವಳು ಹೇಳಿದಳಂತೆ. ಅವನು ಎಂಟನೆಯ ದಿನ ನಡೆದುಕೊಂಡು ಮನೆಗೆ ಹೋದ. ಅಂದಿನಿಂದ ಪ್ರತಿ ಚಳಿಗಾಲ ಅವನ ಹೆಂಡತಿ ಶೈಲಜಾಳಿಗೆ ಸೂರತ್ತಿನ ಪೋಂಕ್ ಕಳಿಸುತ್ತಾಳೆ. ಪೋಂಕ್ ಎಂದರೆ ಎಳೆಯ ಜೋಳದ ತೆನೆ ಸುಟ್ಟು ಬಡಿದ ಹಸಿರು ಕಾಳು.

ಈ ಕತೆಯನ್ನು ಅವಳು ನಮ್ಮ ಮನೆಯ ಜಗುಲಿಯಂಥ ಬಾಲ್ಕನಿಯಲ್ಲಿ ಕೂತು ಹೇಳುವಾಗ ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. 'ಎದೆ ಕೇಳು, ಪಾಪೆ ನೋಡಬೇಡ' ಎಂದು ಅವಳಿಗೆ ಹೇಳಿಕೊಟ್ಟವಳು ನಾನು. ಅದು ನನ್ನ ನೋಟ್‌ಬುಕ್ಕಿನ ಮಾತು, ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದದ್ದು. ಆದರೆ ನನ್ನ ಕೈಯಿಂದ ಒಬ್ಬ ರೋಗಿಯೂ ಎದ್ದು ನಡೆದದ್ದಿಲ್ಲ. ಪೋಂಕ್ ಅವಳಿಗೆ ಬರುತ್ತದೆ.

ಅವಳ ಎದುರು ಕೂತು ಈ ಕತೆ ಕೇಳುತ್ತಿದ್ದವರು ನನ್ನ ಅತ್ತೆ. ಗಂಗವ್ವ ಅಂತ ಹೆಸರು, ಆಗ ಎಪ್ಪತ್ತು ದಾಟಿತ್ತು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದವರು. ಗುಜರಾತಿ ಕಲಿಯಲಿಲ್ಲ, ಆದರೆ ಗದಗಿನ ಕನ್ನಡದಲ್ಲೇ ನಮ್ಮ ಇಡೀ ವಸತಿ ಸೊಸೈಟಿಯ ಹೆಂಗಸರ ಜೊತೆ ಮಾತಾಡುತ್ತಿದ್ದರು. ಅವರಿಗೂ ಅರ್ಥವಾಗುತ್ತಿತ್ತು. ಶೈಲಜಾ ತಂದ ಪೋಂಕ್ ಪೊಟ್ಟಣ ಬಿಚ್ಚಿ ಮೂಸಿ ನೋಡಿದಾಗ ಅತ್ತೆಯ ಕಣ್ಣು ತುಂಬಿಬಂತು. "ಯವ್ವಾ, ಇದು ನಮ್ಮ ಸೀತನಿ. ಎಷ್ಟು ವರ್ಷ ಆಗಿತ್ತ ತಿನ್ನದ." ಅವತ್ತಿನಿಂದ ಶೈಲಜಾ ಅತ್ತೆಯ ಪಾಲಿಗೆ ಮಗಳು. ಭಾಷೆಯೂ ಒಂದೇ ಕಡೆಯದು. ಅವರಿಬ್ಬರೂ ಮಾತಿಗೆ ಕೂತರೆ ತುಮಕೂರಿನ ಸೊಸೆ ಚಹಾ ತಂದಿಡುವವಳು.

ಒಂದು ದಿನ ಅತ್ತೆಗೆ ಕೆಮ್ಮಿತ್ತು. ನಾನು ಒಂದು ಔಷಧದ ಹೆಸರು ಹೇಳಿದೆ. "ಇರಲಿ ಬಿಡವಾ, ಶೈಲಜಾ ಬರಲಿ" ಅಂದರು. ನಾನೂ ಡಾಕ್ಟರೇ ಅಲ್ಲವೇ ಎಂದೆ, ನಗುತ್ತಲೇ. ಅವರೂ ನಗುತ್ತಲೇ, "ಅಕಿ ಖರೇ ಡಾಕ್ಟರ್. ನೀ ಡಾಕ್ಟರಗೋಳಿಗೆ ಪಾಠ ಹೇಳಾಕಿ" ಅಂದರು. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿ ಇರಲಿಲ್ಲ. ನನಗೆ ಮಾತ್ರ ಆ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತುಬಿಟ್ಟಿತು. ಮೀನು ತಿನ್ನದವಳು ಈ ಹೋಲಿಕೆ ಕೊಡಬಾರದು, ಆದರೂ.

ಅಂದಿನಿಂದ ಅತ್ತೆಯ ಔಷಧದ ವಿಷಯಕ್ಕೆ ನಾನು ಹೋಗುವುದನ್ನೇ ಬಿಟ್ಟೆ. ಮೇಲುನೋಟಕ್ಕೆ ಅದು ದೊಡ್ಡತನ. ಒಳಗೆ ಮುನಿಸು.

ಮೂರು ವರ್ಷದ ಹಿಂದಿನ ಮಾತು ಇದು. ಅತ್ತೆ ದಿನಕ್ಕೆ ಹದಿನೈದು ಸಲ ಬಚ್ಚಲಿಗೆ ಓಡುವುದನ್ನು ನಾನು ಗಮನಿಸಿದ್ದೆ. ಅದಕ್ಕೆ ಶೈಲಜಾ ಮಾತ್ರೆ ಕೊಟ್ಟಳು ಎಂದು ನನಗೆ ಗೊತ್ತಾದದ್ದು ಮಾತ್ರೆ ಶುರುವಾಗಿ ಎರಡು ವಾರದ ಮೇಲೆ. ನನ್ನ ಮನೆಯಲ್ಲೇ ಇರುವ ಅತ್ತೆ, ನನ್ನ ಕೈಯಡುಗೆ ಉಣ್ಣುವ ಅತ್ತೆ, ನನಗೆ ಒಂದು ಮಾತು ಹೇಳದೆ ಅವಳಿಗೆ ಹೇಳಿದ್ದರು. ಆ ದಿನ ರೈಲಿನಲ್ಲಿ ವಡೋದರಾ ಬರುವವರೆಗೂ ನಾನು ಯಾರೊಂದಿಗೂ ಮಾತಾಡಲಿಲ್ಲ. ದಿನಾ ನನ್ನ ಜೊತೆ ಬರುವ ಹಂಸಾಬೆನ್ ಥೇಪ್ಲಾ ಮುಂದೆ ಹಿಡಿದು ಹಿಡಿದು ಸಾಕಾಗಿ ತಾವೇ ತಿಂದರು.

ಅದರ ಮೇಲೆ ಚಳಿಗಾಲದ ತುರಿಕೆಗೆಂದು ಚರ್ಮದ ಡಾಕ್ಟರು ಇನ್ನೊಂದು ಮಾತ್ರೆ ಕೊಟ್ಟರು. ಅಂಗಾಲು ಉರಿ, ನಿದ್ದೆ ಬರುವುದಿಲ್ಲ ಎಂದದ್ದಕ್ಕೆ ಮೂಳೆ ಡಾಕ್ಟರು ಮತ್ತೊಂದು ಕೊಟ್ಟರು. ಎಲ್ಲವೂ ಸಣ್ಣ ಪ್ರಮಾಣದವು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಅತ್ತೆ ಎಲ್ಲವನ್ನೂ ಒಂದು ಸ್ಟೀಲ್ ಡಬ್ಬಿಯಲ್ಲಿ ಹಾಕಿಟ್ಟುಕೊಂಡು ನಿಷ್ಠೆಯಿಂದ ನುಂಗಿದರು.

ಎರಡು ತಿಂಗಳಲ್ಲಿ ಅತ್ತೆ ಬೇರೆ ಮನುಷ್ಯರಾದರು. ಮೊದಲು ರೊಟ್ಟಿ ಬಿಟ್ಟರು. ಬಾಯಿ ಒಣಗಿ ನುಂಗಲಾಗುವುದಿಲ್ಲ ಎಂದರು. ಆಮೇಲೆ ಮಾತು ಬಿಟ್ಟರು. ಅಷ್ಟು ಮಾತಾಡುತ್ತಿದ್ದವರು ಬಾಲ್ಕನಿಯಲ್ಲಿ ಸುಮ್ಮನೆ ಕೂರತೊಡಗಿದರು. ತರಕಾರಿಗೆ ಹೋದವರು ಮನೆಗೆ ಬರುವ ದಾರಿ ಮರೆತು ಬಸ್ ಸ್ಟಾಪಿನಲ್ಲಿ ಕೂತಿದ್ದರು. ಪಕ್ಕದ ಮನೆಯವರು ಕೈಹಿಡಿದು ಕರೆತಂದರು. ನನ್ನ ಮಗಳು ಇಂಚರಾಳಿಗೆ ಆಗ ಹದಿಮೂರು. ಅವಳ ಕನ್ನಡ ಅಹಮದಾಬಾದಿನ ಕನ್ನಡ. ಒಂದು ಸಂಜೆ ನನ್ನ ಹತ್ತಿರ ಬಂದು, "ಅಮ್ಮಾ, ಅಜ್ಜಿ ನನ್ನ ಮಲ್ಲವ್ವ ಅಂತ ಕರೀತಾ ಇದೆ. ಮಲ್ಲವ್ವ ಕೌನ್ ಹೈ?" ಎಂದಳು. ಮಲ್ಲವ್ವ ಅತ್ತೆಯ ತಂಗಿ. ತೀರಿಕೊಂಡು ಮೂವತ್ತು ವರ್ಷ.

ವಯಸ್ಸಾಯಿತು, ಮರೆವು ಶುರುವಾಯಿತು ಎಂದು ನನ್ನ ಗಂಡ ನಿಟ್ಟುಸಿರುಬಿಟ್ಟರು. ಶೈಲಜಾ ಬಂದು ನೋಡಿದಳು, ರಕ್ತ ಪರೀಕ್ಷೆ ಮಾಡಿಸಿದಳು, ತಲೆಯ ಸ್ಕ್ಯಾನ್ ಮಾಡಿಸಿದಳು. ಒಂದು ಬುಧವಾರ ಮಧ್ಯಾಹ್ನ, ನಾನು ಕಾಲೇಜಿನಲ್ಲಿದ್ದಾಗ ಬಂದು, ಮರೆವಿಗೆ ಮಾತ್ರೆ ಬರೆದ ಚೀಟಿ ಇಟ್ಟು ಹೋಗಿದ್ದಳು.

ಅವತ್ತು ಸಂಜೆ ಬಂದಾಗ ಅತ್ತೆ ಮಂಚದ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. ದಿನಾ ಸಂಜೆ ದೇವರ ದೀಪಕ್ಕೆ ಅವರದೇ ಬತ್ತಿ. ನಾನು ಕೈಕಾಲು ತೊಳೆದು ಬಂದು ನೋಡುತ್ತೇನೆ, ಅವರ ಕೈಯಲ್ಲಿ ಅರಳೆಯಿಲ್ಲ. ಬರಿಗೈ. ಗಾಳಿಯಿಂದ ಎಳೆ ಎಳೆದು ಎಳೆದು ತೊಡೆಯ ಮೇಲೆ ಹೊಸೆಯುತ್ತಿದ್ದಾರೆ. ಕೆನ್ನೆ ಕೆಂಪಾಗಿದೆ, ಪಾಪೆ ಅಗಲವಾಗಿದೆ.

ಇದನ್ನು ನಾನು ವರ್ಷಗಟ್ಟಲೆ ಕಪ್ಪು ಹಲಗೆಯ ಮುಂದೆ ನಿಂತು ವರ್ಣಿಸಿದ್ದೇನೆ. ಮದಗುಣಕಿ, ಅಂದರೆ ದತ್ತೂರಿಯ ಕಾಯಿ ತಿಂದವರು ಹೀಗೇ ಗಾಳಿಯಲ್ಲಿ ಇಲ್ಲದ ದಾರ ಎಳೆಯುತ್ತಾರೆ. ಅದರಲ್ಲಿರುವುದೂ ಅಟ್ರೋಪಿನ್ ಜಾತಿಯ ವಿಷವೇ. ಮಕ್ಕಳು ಬರೆದುಕೊಂಡಿದ್ದಾರೆ, ನಾನು ಮಾರ್ಕು ಹಾಕಿದ್ದೇನೆ. ಕಣ್ಣಾರೆ ನೋಡಿದ್ದು ಅದೇ ಮೊದಲು, ಅದೂ ನನ್ನ ಮನೆಯಲ್ಲಿ.

ಡಬ್ಬಿ ತೆಗೆದು ಮಂಚದ ಮೇಲೆ ಸುರಿದೆ. ಮೂತ್ರದ ಮಾತ್ರೆ ಮೂತ್ರಕೋಶವನ್ನು ಸಡಿಲಿಸಲು ಅಸಿಟೈಲ್‌ಕೋಲಿನ್ ತಡೆಯುತ್ತದೆ. ತುರಿಕೆಯ ಮಾತ್ರೆ ತಾನು ಮಾಡಬೇಕಾದ ಕೆಲಸದ ಜೊತೆಗೆ ಅದನ್ನೂ ತಡೆಯುತ್ತದೆ. ಅಂಗಾಲಿನ ಮಾತ್ರೆಯೂ ಅಷ್ಟೆ. ಒಂದೊಂದೇ ಆಗಿದ್ದರೆ ನಡೆಯುತ್ತಿತ್ತೇನೋ. ಮೂರೂ ಸೇರಿ, ಅದೂ ಎಪ್ಪತ್ತನಾಲ್ಕರ ಮಿದುಳಿಗೆ. ಅದರ ಮೇಲೆ ಶೈಲಜಾಳ ಹೊಸ ಚೀಟಿ, ಅದೇ ಅಸಿಟೈಲ್‌ಕೋಲಿನ್ ಹೆಚ್ಚಿಸುವ ಮರೆವಿನ ಮಾತ್ರೆ. ಒಂದು ಕೈಯಲ್ಲಿ ದೀಪ ಆರಿಸಿ ಇನ್ನೊಂದು ಕೈಯಲ್ಲಿ ಎಣ್ಣೆ ಹೊಯ್ದಂತೆ. ಅತ್ತೆಗೆ ಮರೆವಿನ ರೋಗವೇ ಇರಲಿಲ್ಲ. ಮಾತ್ರೆಯ ಮಬ್ಬು ಅದು.

ಈಗ ಹೇಳಬೇಕಾದ ಮಾತಿಗೆ ಬಂದೆ. ಆ ಗಳಿಗೆಯಲ್ಲಿ ನನಗೆ ಮೊದಲು ಆದದ್ದು ಗಾಬರಿಯಲ್ಲ. ಸಂತೋಷ. ಶೈಲಜಾ ತಪ್ಪಿದಳು ಎಂಬ ಸಂತೋಷ. ನಾನು ಹೇಳಿಕೊಟ್ಟ ಅದೇ ಪಾಠದಲ್ಲಿ, ಖರೇ ಡಾಕ್ಟರ್ ತಪ್ಪಿದ್ದಳು, ಪಾಠ ಹೇಳಾಕಿ ಹಿಡಿದಿದ್ದಳು.

ಅತ್ತೆಗೆ ಹೇಳಿದೆ. "ಅತ್ತೆ, ಈ ಮೂರು ಮಾತ್ರೆ ಇವತ್ತಿಂದ ಬೇಡ."

ಅವರು ಗಾಳಿಯ ಎಳೆ ಬಿಟ್ಟು ನನ್ನ ಮುಖ ನೋಡಿದರು. ಆ ಮಬ್ಬಿನಲ್ಲೂ ಎಲ್ಲಿಂದಲೋ ನೆನಪು ಮಾಡಿಕೊಂಡು, "ಶೈಲಜಾ ಹೇಳ್ಯಾಳೇನ?" ಎಂದರು.

ಅಷ್ಟೆ. ನಾನು ಮಾತ್ರೆಗಳನ್ನು ಮತ್ತೆ ಡಬ್ಬಿಗೆ ತುಂಬಿದೆ. ಸರಿ, ಶೈಲಜಾಳೇ ಹೇಳಲಿ. ಭಾನುವಾರ ಹೇಳಲಿ. ಪ್ರತಿ ತಿಂಗಳ ಕೊನೆಯ ಭಾನುವಾರ ಇಲ್ಲಿಯ ಹತ್ತು ಹನ್ನೆರಡು ಕನ್ನಡ ಮನೆಯವರು, ಬ್ಯಾಂಕಿನವರು, ರೈಲ್ವೆಯವರು, ವಿಮೆಯವರು, ಯಾರದಾದರೂ ಮನೆಯಲ್ಲಿ ಸೇರಿ ಊಟ ಮಾಡುತ್ತೇವೆ. ಆ ಭಾನುವಾರ ಶೈಲಜಾಳ ಮನೆಯಲ್ಲಿತ್ತು. ಊಟವಾದ ಮೇಲೆ ಎಲ್ಲರೆದುರು ಮಾತ್ರೆಗಳ ಪಟ್ಟಿ ಓದಿ, ಮೆಲ್ಲಗೆ, ಬಹಳ ಮೆಲ್ಲಗೆ, 'ಇದರಲ್ಲಿ ಏನು ತಪ್ಪಿದೆ ಹೇಳು ನೋಡೋಣ' ಎಂದು ಕೇಳುವುದು. ಮಾತನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡೆ. ಗಂಡ ಆ ವಾರ ಕೆಲಸದ ಮೇಲೆ ಬೆಂಗಳೂರಿಗೆ ಹೋಗಿದ್ದರು, ಅವರಿಗೂ ಹೇಳಲಿಲ್ಲ. ಹೊಸ ಮಾತ್ರೆ ಮಾತ್ರ ಅಂಗಡಿಯಿಂದ ತರಲಿಲ್ಲ. ಹಳೆಯವು ಎರಡು ತಿಂಗಳಿಂದ ನಡೆದಿವೆ, ಇನ್ನು ಮೂರು ನಾಲ್ಕು ದಿನದಲ್ಲಿ ಏನಾಗುತ್ತದೆ ಎಂದು ಹೇಳಿಕೊಂಡೆ. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ನಾನು ಸೊನ್ನೆ ಹಾಕುತ್ತಿದ್ದೆ.

ಗುರುವಾರ ಬೆಳಿಗ್ಗೆ ಡಬ್ಬಿ ತೆರೆದು ಅತ್ತೆ ಮೂರೂ ನುಂಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಶುಕ್ರವಾರವೂ ನೋಡಿದೆ.

ಶುಕ್ರವಾರ ಮೂರು ಗಂಟೆಗೆ ವಡೋದರಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತಿದ್ದೆ. ಇಂಚರಾಳ ಫೋನು. "ಅಮ್ಮಾ, ಅಜ್ಜಿ ಬಾತ್ರೂಮಲ್ಲಿ ಬಿದ್ದುಬಿಟ್ಟಿದೆ. ಹೊಟ್ಟೆ ಬಹಳ ನೋಯ್ತಿದೆ ಅಂತ ಅಳ್ತಾ ಇದೆ. ಬೆಳಿಗ್ಗೆ ಸವಾರೆಯಿಂದ ಸುಸು ಆಗಿಲ್ಲ. ನಾನು ಶೈಲು ಆಂಟಿಗೆ ಫೋನ್ ಮಾಡಿದೆ, ಆಂಟಿ ಬರ್ತಾ ಇದೆ."

ಮೊದಲು ಶೈಲು ಆಂಟಿಗೆ, ಆಮೇಲೆ ನನಗೆ. ನಾಚಿಕೆಯ ಮಾತು, ಆಗಲೂ ಒಂದು ಕ್ಷಣ ಅದು ಚುಚ್ಚಿತು. ಮರುಕ್ಷಣ ಉಳಿದದ್ದೆಲ್ಲ ಅರ್ಥವಾಯಿತು. ಮೂತ್ರಕೋಶ ಸಡಿಲವಾಗಿ ಸಡಿಲವಾಗಿ ಕೊನೆಗೆ ಹಿಂಡುವುದನ್ನೇ ಮರೆತಿದೆ. ಅಗಲ ಪಾಪೆಯಲ್ಲಿ ಬಚ್ಚಲ ಹೊಸ್ತಿಲು ಮಂಜಾಗಿ ಕಂಡಿದೆ. ನನಗೆ ಬುಧವಾರದಿಂದ ಗೊತ್ತಿತ್ತು.

ರೈಲಿನಲ್ಲಿ ಕೂತವಳು ಏನು ಮಾಡಬಲ್ಲಳು? ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ಹಂಸಾಬೆನ್ ನೀರಿನ ಬಾಟಲಿ ಕೊಟ್ಟು, "ಚಿಂತಾ ನಾ ಕರೋ ಬೆನ್, ಡಾಕ್ಟರ್ ತೋ ಪಹೋಂಚಿ ಗಯಾ ನೇ" ಎಂದರು. ಡಾಕ್ಟರು ತಲುಪಿದರಲ್ಲ, ಇನ್ನೇನು ಚಿಂತೆ ಎಂದು. ಡಾಕ್ಟರೊಬ್ಬಳು ಎರಡು ದಿನದಿಂದ ಆ ಮನೆಯಲ್ಲೇ ಇದ್ದಳು ಎಂದು ಅವರಿಗೆ ಹೇಗೆ ಹೇಳಲಿ? ಅಹಮದಾಬಾದ್ ಅಷ್ಟು ದೂರ ಎಂದು ಅದಕ್ಕೆ ಮೊದಲು ನನಗೆ ಗೊತ್ತಿರಲಿಲ್ಲ.

ಆಸ್ಪತ್ರೆಗೆ ಹೋದಾಗ ಶೈಲಜಾ ಆಗಲೇ ಮೂತ್ರಕ್ಕೆ ನಳಿಗೆ ಹಾಕಿಸಿದ್ದಳು. ಚೀಲ ತುಂಬಿತ್ತು. ಮೂಳೆ ಮುರಿದಿರಲಿಲ್ಲ, ಹಣೆಗೆ ಎರಡು ಹೊಲಿಗೆ. ಅತ್ತೆ ಅವಳ ಕೈ ಹಿಡಿದುಕೊಂಡೇ ನಿದ್ದೆ ಹೋಗಿದ್ದರು. ಶೈಲಜಾಳ ಸೀರೆಯ ಮೇಲೆ ರಕ್ತದ ಕಲೆಯಿತ್ತು. ಅವಳು ನನ್ನನ್ನು ನೋಡಿ, "ಏನಲೇ ಇದು, ಒಮ್ಮಿಗೇ ಹಿಂಗ ಯಾಕಾತು?" ಎಂದಳು.

ನಾನು ಪರ್ಸಿನಿಂದ ಚೀಟಿ ತೆಗೆದೆ. ಭಾನುವಾರಕ್ಕೆಂದು ಬರೆದಿಟ್ಟುಕೊಂಡಿದ್ದ ಪಟ್ಟಿ. "ಇದು ನೋಡು. ಮೂರೂ ಒಂದೇ ಜಾತಿ." ಅವಳು ಓದಿದಳು. ಎರಡನೆಯ ಹೆಸರಿಗೇ ಅವಳ ಮುಖ ಬಿಳಿಚಿತು. "ತುರಿಕಿ ಮಾತ್ರಿ ತಗೋತಾರ ಅಂತ ನನಗ ಹೇಳೇ ಇಲ್ಲ. ನಾನೂ ಕೇಳಲಿಲ್ಲ" ಎಂದಳು. ಗೋಡೆಗೆ ಒರಗಿ ನಿಂತಳು. "ಕೇಳಬೇಕಿತ್ತು ನಾ." ಮೂರೂ ಮಾತ್ರೆ ಅವತ್ತೇ ನಿಲ್ಲಿಸಿದಳು. ಚೀಟಿ ಯಾವಾಗ ಬರೆದೆ ಎಂದು ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ.

ನಾಲ್ಕನೆಯ ದಿನ ಅತ್ತೆ ಇಂಚರಾಳನ್ನು ಇಂಚರಾ ಎಂದೇ ಕರೆದರು. ಹತ್ತನೆಯ ದಿನ ಆಸ್ಪತ್ರೆಯ ಸಾರಿಗೆ ಉಪ್ಪಿಲ್ಲ ಎಂದು ಜಗಳ ತೆಗೆದರು. ಮೂರನೆಯ ವಾರ ಮನೆಯ ಬಾಲ್ಕನಿಯಿಂದ ಮತ್ತೆ ಗದಗಿನ ಕನ್ನಡ ಇಡೀ ಸೊಸೈಟಿಗೆ ಕೇಳತೊಡಗಿತು.

ಮುಂದೆ ಹಾಕಿದ್ದ ಊಟ ಮರುತಿಂಗಳು ಶೈಲಜಾಳ ಮನೆಯಲ್ಲೇ ಆಯಿತು. ಅತ್ತೆಯೂ ಬಂದಿದ್ದರು. ಎಲೆ ಎತ್ತಿದ ಮೇಲೆ ಶೈಲಜಾ ಎಲ್ಲರನ್ನೂ ಕೂರಿಸಿ ಹೇಳಿದಳು. "ನಿಮ್ಮ ನಿಮ್ಮ ಮನಿ ಹಿರ್ಯಾರ ಮಾತ್ರಿ ಎಲ್ಲಾ ಒಂದು ಚೀಲದಾಗ ಹಾಕಿ ಡಾಕ್ಟರಿಗೆ ತೋರಸ್ರಿ. ನಾ ತಪ್ಪು ಮಾಡಿದ್ದೆ. ಗಂಗವ್ವಾರಿಗೆ ಮರೆವಿನ ರೋಗ ಅಂದಿದ್ದೆ. ಇಕಿ ಕಂಡುಹಿಡದಳು. ಕಾಲೇಜಿನಾಗೂ ನನಗ ಇಕೀನ ಹೇಳಿಕೊಟ್ಟಿದ್ದಳು." ಎಲ್ಲರೂ ನನ್ನ ಕಡೆ ತಿರುಗಿದರು. ಬ್ಯಾಂಕಿನ ರಾಯರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಇಷ್ಟು ವರ್ಷ ನಾನು ಕಾದಿದ್ದು ಇದಕ್ಕೇ. ಬಂದಾಗ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು.

ಅಡಿಗೆಮನೆಗೆ ಹೋದೆ. ಅವಳು ಹಿಂದೆಯೇ ಬಂದು ಪಾತ್ರೆ ಒರೆಸತೊಡಗಿದಳು.

"ಶೈಲಾ, ನನಗೆ ಬುಧವಾರಾನೇ ಗೊತ್ತಾಗಿತ್ತು."

"ಯಾವ ಬುಧವಾರ?"

"ಅತ್ತೆ ಬೀಳೋದಕ್ಕೆ ಎರಡು ದಿನ ಮುಂಚೆ. ಭಾನುವಾರ ಎಲ್ಲರೆದುರು ಹೇಳೋಣ ಅಂತ ಸುಮ್ಮನಿದ್ದೆ. ನೀನು ತಪ್ಪು ಮಾಡಿದ್ದು ಎಲ್ಲರೂ ನೋಡಲಿ ಅಂತ."

ಅವಳು ತಾಟನ್ನು ಕಟ್ಟೆಯ ಮೇಲೆ ಇಟ್ಟಳು. ಸದ್ದಾಗದ ಹಾಗೆ ಇಟ್ಟಳು. "ನನಗ ಬೈಯೋದಿತ್ತಂದ್ರ ಬೈಯಬೇಕಿತ್ತಲೇ" ಎಂದಳು. "ಮುದುಕಿನ್ನ ಯಾಕ ನಡುವ ಇಟ್ಟಿ?"

ಅವಳು ಹೊರಗೆ ಹೋದಳು. ಆಮೇಲೆ ಎರಡು ತಿಂಗಳು ಅವಳಿಂದ ಫೋನಿಲ್ಲ. ಅತ್ತೆಯನ್ನು ನೋಡಲು ಬರುತ್ತಿದ್ದಳು, ನಾನು ವಡೋದರಾದಲ್ಲಿರುವ ಹೊತ್ತು ನೋಡಿಕೊಂಡು.

ಅತ್ತೆಗೂ ಹೇಳಿದೆ. ಒಂದು ರಜೆಯ ದಿನ ಅವರ ತಲೆಗೆ ಎಣ್ಣೆ ಹಚ್ಚುತ್ತ, ಅವರ ಮುಖ ನನಗೆ, ನನ್ನ ಮುಖ ಅವರಿಗೆ ಕಾಣದಂತೆ ಕೂತು ಹೇಳಿದೆ. ಬುಧವಾರ, ಗುರುವಾರ, ಶುಕ್ರವಾರ, ಎಲ್ಲ. ಅವರು ಹಣೆಯ ಹೊಲಿಗೆಯ ಗುರುತು ಒಮ್ಮೆ ಮುಟ್ಟಿ ನೋಡಿಕೊಂಡರು.

"ಅಕೀ ಮ್ಯಾಲೆ ಇಷ್ಟು ಹೊಟ್ಟಿಕಿಚ್ಚು ಯಾಕವಾ?"

"ನೀವು ಏನಿದ್ರೂ ಅವಳಿಗೇ ಹೇಳ್ತೀರಿ. ನನಗೆ ಹೇಳಲ್ಲ. ಆ ಮೂತ್ರದ ವಿಷಯ ಕೂಡ."

ಅತ್ತೆ ಈಗ ತಿರುಗಿ ಕೂತರು. ಎಣ್ಣೆ ಹಣೆಗೆ ಇಳಿಯುತ್ತಿತ್ತು. "ಅದನ್ನ ನಿನಗ ಹೆಂಗ ಹೇಳಲಿ? ಸೀರಿ ತೊಯ್ಸಕೋತೀನಿ ಅಂತ ಸೊಸಿ ಮುಂದ ಹೆಂಗ ಹೇಳಲಿ? ಅಕಿ ಹೊರಗಿನಾಕಿ. ಇವತ್ತ ಬರತಾಳ, ನಾಳೆ ಹೊಕ್ಕಾಳ. ನೀ ದಿನಾ ಮುಂಜಾನೆದ್ದು ನನ್ನ ಮಾರಿ ನೋಡಾಕಿ. ನಿನ್ನ ಮುಂದ ಸಣ್ಣಾಕಿ ಆಗಬಾರದಂತ ಅಕಿಗೆ ಹೇಳಿದೆ."

ನಾನು ಎಣ್ಣೆಯ ಬಟ್ಟಲು ಹಿಡಿದು ಕೂತಿದ್ದೆ. ಇಷ್ಟು ವರ್ಷ ಅವಳ ಪಾಲಿಗೆ ಹೋದದ್ದು ವಿಶ್ವಾಸ ಎಂದು ನಾನು ಉರಿದುಕೊಂಡಿದ್ದೆ. ಅದು ಸಂಕೋಚ. ನನ್ನ ಮುಂದೆ ಮಾನ ಕಾಯ್ದುಕೊಳ್ಳಬೇಕೆಂಬ ಸಂಕೋಚ. ಅವರು ಕೋಪಿಸಿಕೊಂಡರೇ ಎಂದು ಕೇಳುತ್ತೀರಾ? ಕೋಪಿಸಿಕೊಂಡರು. ಆ ರಾತ್ರಿ ನಾನು ಬಡಿಸಿದ್ದನ್ನು ಉಣ್ಣಲಿಲ್ಲ, ಮಗನ ಕೈಯಲ್ಲಿ ಬಡಿಸಿಕೊಂಡರು. ಮರುದಿನ ಬೆಳಿಗ್ಗೆ ಸ್ಟೀಲ್ ಡಬ್ಬಿಯನ್ನು ನನ್ನ ಮುಂದೆ ಇಟ್ಟು, ಏನೂ ಹೇಳದೆ ಸ್ನಾನಕ್ಕೆ ಹೋದರು. ಅಂದಿನಿಂದ ಅದು ನನ್ನ ಬಳಿ ಇದೆ.

ಶೈಲಜಾಳ ಫೋನು ಬಂದದ್ದು ಅದಾಗಿ ಎಷ್ಟೋ ದಿನಕ್ಕೆ. ಕ್ಷೇಮ ಸಮಾಚಾರ ಕೇಳಲಿಲ್ಲ. "ಒಬ್ಬ ಪೇಷಂಟ್ ಅದಾರ. ಆರು ಮಾತ್ರಿ. ಓದ್ತೀನಿ, ಕೇಳು" ಎಂದಳು. ಓದಿದಳು, ನಾನು ಹೇಳಿದೆ, ಇಟ್ಟಳು. ಮರುವಾರ ಇನ್ನೊಂದು. ಆರೇಳು ಫೋನುಗಳಾದ ಮೇಲೆ ಒಂದು ದಿನ, "ಚಾ ಆತೇನ?" ಎಂದು ಕೇಳಿದಳು. ಹಾಗೆ ಮತ್ತೆ ಮಾತು ಶುರುವಾಯಿತು. ಮೊದಲಿನ ಹಾಗಲ್ಲ. ಬಿರುಕು ಬಿಟ್ಟ ಬಟ್ಟಲನ್ನು ಇಬ್ಬರೂ ಜೋಪಾನವಾಗಿ ಹಿಡಿದುಕೊಂಡ ಹಾಗೆ.

ಇವತ್ತು ಕಣ್ಣಿನ ದವಾಖಾನೆಯಿಂದ ಆಟೋ ಹಿಡಿದು ಬರುವಾಗಲೂ ಅವಳ ಫೋನು ಬಂತು.

"ಎಂಬತ್ತೊಂದರ ಅಜ್ಜ. ಮುಂಜಾನೆ ಎರಡು ಸಲ ಕಣ್ಣಿಗೆ ಕತ್ತಲಿ ಬಂದು ಬಿದ್ದಾರ. ನಾಡಿ ನಲವತ್ತನಾಲ್ಕು. ಮಾತ್ರಿ ಓದಲಿ?"

"ಓದು."

ಓದಿದಳು. ಒಂದು ಮರೆವಿನ ಮಾತ್ರೆ, ಅಸಿಟೈಲ್‌ಕೋಲಿನ್ ಹೆಚ್ಚಿಸುವುದು. ಅದು ಎದೆಯ ಬಡಿತವನ್ನೂ ನಿಧಾನ ಮಾಡುತ್ತದೆ. ಇನ್ನೊಂದು ಬಿ.ಪಿ. ಮಾತ್ರೆ, ಅದೂ ಬಡಿತ ಇಳಿಸುವ ಜಾತಿಯದು. ಆಟೋ ಸಿಗ್ನಲಿನಲ್ಲಿ ನಿಂತಿತ್ತು, ಸುತ್ತ ಹಾರನ್ನುಗಳು. ಒಂದು ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಹೇಳಿದೆ. "ಎರಡೂ ಸೇರಿ ಹೃದಯ ಹಿಡಿದು ನಿಲ್ಲಿಸ್ತಿವೆ. ಎರಡನ್ನೂ ಈಗಲೇ ನಿಲ್ಲಿಸು. ಇ.ಸಿ.ಜಿ. ಮಾಡಿಸು. ಅಟ್ರೋಪಿನ್ ಕೈಗೆ ಸಿಗೋ ಹಾಗೆ ಇಟ್ಟುಕೋ."

"ನನಗೂ ಹಂಗ ಅನಿಸಿತ್ತು" ಎಂದಳು. "ನೀ ಹಾದ್ಯಾಗ ಇದ್ದಿ ಅನಸ್ತೈತಿ. ಮನಿಗೆ ಹೋಗಿ, ವಿಚಾರ ಮಾಡಿ ಹೇಳಿದ್ರೂ ನಡೀತಿತ್ತಲ್ಲ."

"ಇಲ್ಲ" ಎಂದೆ. "ನಡೀತಿರಲಿಲ್ಲ."

ಆ ಕಡೆಯಿಂದ ಅವಳು "ಹೂಂ" ಎಂದಳು.

ಆ ಅಜ್ಜ ಎದ್ದು ನಡೆದರೆ ಅವರ ಮನೆಯವರು ಶೈಲಜಾಳಿಗೆ ಕೈಮುಗಿಯುತ್ತಾರೆ. ನನ್ನ ಹೆಸರು ಅವರಿಗೆ ಗೊತ್ತಾಗುವುದೂ ಇಲ್ಲ. ಹೊಟ್ಟೆಯೊಳಗೆ ಹಳೆಯ ಕಿಚ್ಚು ಸಣ್ಣಗೆ ಕದಲಿತು. ಅದು ಪೂರ್ತಿ ಆರಿದೆ ಎಂದು ನಿಮಗೆ ಸುಳ್ಳು ಹೇಳಲಾರೆ. ಕದಲಲಿ ಎಂದು ಬಿಟ್ಟು, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಬೇರೆ ಡಾಕ್ಟರು ಕೊಟ್ಟ ಮಾತ್ರೆ ಏನಾದ್ರೂ ಇದೆಯಾ ಅಂತ ಅವರ ಮನೆಯವರನ್ನ ಕೇಳು" ಎಂದೆ. "ಕೇಳಿ ಬಾ. ನಾನು ಫೋನಲ್ಲೇ ಇರ್ತೀನಿ."